ಲೋಟದ ಅಂಚಿಗೆ ಚಮಚ

ಈರುಳ್ಳಿ ಬೇಯುವ ವಾಸನೆ ಮೆಟ್ಟಿಲಿನವರೆಗೂ ಬಂದಿದೆ, ಗಿಲೇನ್ ತಮ್ಮನಿಗೆ ಸೂಪ್ ಮಾಡುತ್ತಿದ್ದಾಳೆ, ಅಂದರೆ ಲಾಂಬೇರ್ ಇನ್ನೂ ಇದ್ದಾನೆ, ನುಂಗುತ್ತಾನೆ, ಮಾತಾಡುತ್ತಾನೋ ಏನೋ — ಜೇಬಿನಲ್ಲಿ ಫೋನು ನಡುಗುತ್ತದೆ, ಬ್ರಸೆಲ್ಸ್‌ನಿಂದ ಥಿಬೋ, ಮೊನ್ನೆ ಮೊನ್ನೆ ಪತ್ರಿಕೆಗೆ ಬಂದು ನನ್ನ ಸಂಪಾದಕನಾದವನು, ಮರೀಜ್, ಲೇಖನ ಫ್ರಿಜ್ಜಲ್ಲಿ ಇಟ್ಟಿದ್ದೀರಿ ತಾನೆ, ಸುದ್ದಿ ಬಂದ ತಕ್ಷಣ ಹಾಕ್ಬೇಕು. ಬದುಕಿರುವವರ ಸಾವಿನ ಲೇಖನಗಳನ್ನು ಬರೆದಿಡುವ ಜಾಗಕ್ಕೆ ನಾವು ಫ್ರಿಜ್ಜು ಎನ್ನುತ್ತೇವೆ, ನಗುತ್ತಲೇ ಎನ್ನುತ್ತೇವೆ, ಲಾಂಬೇರ್‌ನ ಲೇಖನದ ಮೊದಲ ಸಾಲಿನಲ್ಲೇ ಆ ಚಮಚ ಇದೆ, ಹಾಡುವ ಮೊದಲು ಗಾಜಿನ ಲೋಟದ ಅಂಚಿಗೆ ಚಮಚ ತಟ್ಟಿ ಆ ನಾದದಿಂದ ಶ್ರುತಿ ಹಿಡಿಯುತ್ತಿದ್ದ ಗಾಯಕ, ಎಷ್ಟು ಚೆನ್ನಾಗಿದೆ, ನಿನ್ನೆ ತಿದ್ದಲು ಕೂತು ಅಲ್ಲೇ ನಿಂತುಬಿಟ್ಟೆ, ತಟ್ಟುತ್ತಿದ್ದನೆ, ಅಥವಾ ಅದು ಅವನನ್ನೇ ನೋಡಿ ಬರೆದ ನನ್ನ ಹೊಸ ಕಾದಂಬರಿಯ ಮುದುಕನೆ? ಹಳೆಯ ಸಂದರ್ಶನದ ಟೇಪುಗಳನ್ನೆಲ್ಲ ಕೇಳಿದೆ, ಅವನ ಕೆಮ್ಮಿದೆ, ನನ್ನ ನಗುವಿದೆ, ಟಿಣ್ ಎಂಬ ಸದ್ದಿಲ್ಲ, ನದಿಯ ಪಕ್ಕದ ಆ ಹೋಟೆಲಿನಲ್ಲಿ ಬಿಯರು, ತಿಂದು ಮುಗಿಸಿದ ಕಪ್ಪೆಚಿಪ್ಪಿನ ರಾಶಿ, ಅವನ ಕೈ ಕಣ್ಣಿಗೆ ಕಟ್ಟುತ್ತದೆ, ಒಮ್ಮೆ ಅದರಲ್ಲಿ ಚಮಚ, ಒಮ್ಮೆ ಸಿಗರೇಟು. ಮೂವತ್ತು ವರ್ಷ ಪತ್ರಿಕೆಗೆ ಹಾಡುಗಾರರ ಬಗ್ಗೆ ಬರೆದೆ, ಓಹೋ ಕಾದಂಬರಿನೂ ಬರೀತೀರಾ ಎಂದು ಕೇಳಿಸಿಕೊಂಡೇ ನಾಲ್ಕು ಕಾದಂಬರಿ ಮುಗಿದವು, ಈ ಐದನೆಯದು ಬೇಸಿಗೆ ಮುಗಿಯುತ್ತಲೇ ಅಂಗಡಿಗೆ ಬರಬೇಕು, ಕರಡು ಪ್ರತಿಯನ್ನು ಮೊದಲೇ ಓದಿದವರೆಲ್ಲ ಚಮಚವನ್ನೇ ಹೊಗಳುತ್ತಾರೆ, ಮುದುಕ ಸಾಯುವಾಗ ಬೆರಳಿಂದ ಜಾರುತ್ತದಲ್ಲ ಅಲ್ಲಿ ಅತ್ತೆ ಎನ್ನುತ್ತಾರೆ, ಪ್ರಕಾಶಕ ಫೋನಿನಲ್ಲಿ ಗಂಟಲು ಸರಿಮಾಡಿಕೊಂಡ, ಹೀಗನ್ನಬಾರ್ದು, ಪಾಪ, ಆದ್ರೆ ಲಾಂಬೇರ್‌ಗೆ ಈಗಲೇ ಏನಾದ್ರೂ ಆದ್ರೆ ಪುಸ್ತಕಕ್ಕೆ — ಅಷ್ಟಕ್ಕೇ ನಿಲ್ಲಿಸಿದ, ನಾನೂ ಬೈಯಲಿಲ್ಲ. ಪತ್ರಿಕೆಯಲ್ಲಿ ನಿಜ, ಮನೆಯಲ್ಲಿ ಕೂತು ಬರೆಯುವ ಕಾದಂಬರಿಯಲ್ಲಿ ಸುಳ್ಳು, ನಡುವಿನ ಗೋಡೆಗೆ ಒರಗಿಯೇ ಇಷ್ಟು ವರ್ಷ ನಿಂತೆ, ಅದೇ ಬಿದ್ದರೆ ಎಷ್ಟು ಜನರ ಬಾಯಿಗೆ ನಾನೇ ಮಾತು ತುರುಕಿದ್ದೇನೋ, ಹೆದರಿಕೆಯಾಗುತ್ತದೆ, ಕೇಳಲು ಉಳಿದಿರುವವನು ಲಾಂಬೇರ್ ಒಬ್ಬನೇ, ಅದಕ್ಕೇ ಬೆಳಗಿನ ರೈಲು ಹಿಡಿದು ಲಿಯೇಜಿಗೆ ಬಂದೆ, ನೋಡಲು ಬಂದೆ ಎಂದು ಗಿಲೇನ್‌ಗೆ ಹೇಳಬೇಕು, ಅದೂ ಅರ್ಧ ಸುಳ್ಳೇ.

ಗಿಲೇನ್ ಬಾಗಿಲು ತೆಗೆಯುತ್ತಾಳೆ, ಬಂದ್ಯಾ ಮರೀಜ್, ಕೋಟು ಅಲ್ಲಿ ಹಾಕು, ಹೋದ ತಿಂಗಳು ಕೊಟ್ಟು ಹೋದ್ಯಲ್ಲ ಪುಸ್ತಕದ ಕರಡು, ದಿನಾ ಓದಿಸ್ಕೋತಾನೆ ಕಣೆ, ಚಮಚದ ಕಡೆ ಬಂದ್ರೆ ಇನ್ನೊಂದ್ಸಲ ಇನ್ನೊಂದ್ಸಲ ಅಂತಾನೆ, ನಂಗಂತೂ ಬಾಯಿಪಾಠ ಆಗೋಗಿದೆ — ನನ್ನ ಒಂದು ಕಾದಂಬರಿಯನ್ನೂ ಮುಟ್ಟದವನು, ಓದುವುದಿಲ್ಲವೆಂದೇ ಧೈರ್ಯವಾಗಿ ಕೊಟ್ಟಿದ್ದೆ, ಒಳಕೋಣೆಗೆ ಹೋಗುತ್ತೇನೆ, ದಿಂಬಿಗೆ ಒರಗಿ ಕೂತಿದ್ದಾನೆ, ಎಷ್ಟು ಸಣ್ಣಗಾಗಿದ್ದಾನೆ, ಅಳು ಬರುತ್ತದೆ, ಮಡಿಲಲ್ಲಿ ಸೂಪಿನ ಬಟ್ಟಲು, ಪಕ್ಕದಲ್ಲಿ ನೀರಿನ ಲೋಟ, ಬಾರೇ ಕೊಲೆಗಾತಿ, ಚೆನ್ನಾಗಿ ಸಾಯ್ಸಿದ್ದೀಯ ನನ್ನ. ಕೇಳಿಬಿಡು, ಈಗಲೇ ಕೇಳಿಬಿಡು ಎಂದುಕೊಳ್ಳುತ್ತೇನೆ, ಲಾಂಬೇರ್, ಆ ಚಮಚ, ನಿಜವಾಗ್ಲೂ ನೀನು ಹಾಗೆ ತಟ್ತಿದ್ಯಾ? ನಗುತ್ತಾನೆ, ನಗು ಕೆಮ್ಮಾಗುತ್ತದೆ, ಗಿಲೇನ್ ಬೆನ್ನು ಸವರುತ್ತಾಳೆ, ಉಸಿರು ಸಿಕ್ಕಾಗ ಅನ್ನುತ್ತಾನೆ, ಅಯ್ಯೋ ಹುಡುಗಿ, ಅದನ್ನ ನಾನೇ ನಿನ್ನ ಕೇಳೋಣ ಅಂತಿದ್ದೆ. ಬಟ್ಟಲಿನಿಂದ ಚಮಚ ಎತ್ತುತ್ತಾನೆ, ಸೂಪು ಹೊದಿಕೆಯ ಮೇಲೆ ಸುರಿಯುತ್ತದೆ, ಲೋಟದ ಅಂಚಿಗೆ, ಟಿಣ್, ತಲೆ ವಾಲಿಸಿ ಕಣ್ಣು ಮುಚ್ಚುತ್ತಾನೆ, ನಾನು ಬರೆದಂತೆಯೇ, ಅಥವಾ ಅಂದು ನಾನು ಕಂಡಂತೆಯೇ, ಜೇಬಿನಲ್ಲಿ ಫೋನು ನಡುಗುತ್ತದೆ, ತುಟಿ ತೆರೆಯುತ್ತಾನೆ, ಸ್ವರ ಬರುವುದಿಲ್ಲ, ಕೈ ಮತ್ತೆ ಏಳುತ್ತದೆ, ಚಮಚ, ಲೋಟದ ಅಂಚು, ಚಮಚ —