ಹಗ್ಗಕ್ಕೆ ತೂಗಿದ ದನಿಗಳು

ನಮ್ಮ ಮನೆಯ ನಡುಕೋಣೆಯಲ್ಲಿ ಕಿಟಕಿಯಿಂದ ಬಾಗಿಲಿನವರೆಗೆ ಒಂದು ಹಗ್ಗ ಕಟ್ಟಿತ್ತು. ಬೇರೆಯವರ ಮನೆಯಲ್ಲಾಗಿದ್ದರೆ ಅದರ ಮೇಲೆ ಶ್ಯಾವಿಗೆ ಒಣಗುತ್ತಿತ್ತು. ನಮ್ಮಲ್ಲಿ ಟೇಪ್ ರೆಕಾರ್ಡರಿನ ಟೇಪಿನ ತುಂಡುಗಳು ತೂಗಾಡುತ್ತಿದ್ದವು. ಗೇಣುದ್ದದವು, ಮೊಳದುದ್ದದವು, ಎಲ್ಲ ಕಂದು ಬಣ್ಣದವು. ಅಣ್ಣ ಅಚ್ಯುತ ತನ್ನ ಸಂಗೀತದಿಂದ ಬ್ಲೇಡಿನಲ್ಲಿ ಕೊಯ್ದು ತೆಗೆದ ಮನುಷ್ಯರ ದನಿಗಳು ಅವು. ಒಂದರಲ್ಲಿ ದನ ಕಾಯುವವನ ಕೆಮ್ಮು, ಇನ್ನೊಂದರಲ್ಲಿ ದಾರಿಹೋಕರ ಜಗಳ. ಟೇಪು ಕಡಿಮೆ ಬಿದ್ದಾಗ ಅವನ್ನೇ ಅಳಿಸಿ, ಅಂಟಿಸಿ ಬಳಸುತ್ತಿದ್ದುದರಿಂದ ಒಂದನ್ನೂ ಎಸೆಯಕೂಡದೆಂದು ನನಗೆ ಕಟ್ಟಪ್ಪಣೆಯಾಗಿತ್ತು.

ಸಂಗೀತ ಎಂದು ಅವನು ಕರೆಯುತ್ತಿದ್ದ, ಊರವರು ಬೇರೆ ಹೆಸರಿಟ್ಟಿದ್ದರು. ಹಗಲೆಲ್ಲ ಊರವರ ರೇಡಿಯೋ ರಿಪೇರಿ ಮಾಡುತ್ತಿದ್ದ ಅಣ್ಣ, ಬಿಡುವಾದ ಕೂಡಲೇ ಅವೇ ರೇಡಿಯೋಗಳನ್ನು ಸಾಲಾಗಿ ಇಟ್ಟು, ಯಾವ ಸ್ಟೇಷನ್ನೂ ಸಿಗದ ಜಾಗಕ್ಕೆ ಮುಳ್ಳು ತಿರುಗಿಸಿ, ಬರುವ ಸರಬರ ಸದ್ದನ್ನು ಕೇಳುತ್ತ ಕೂರುತ್ತಿದ್ದ. ಮೈಕನ್ನು ಸ್ಪೀಕರಿನ ಎದುರಿಗೆ ಹಿಡಿದು ಅದು ಕೂಗುವಂತೆ ಮಾಡುತ್ತಿದ್ದ. ಕೈಯನ್ನು ತುಸು ಹಿಂದೆ ಮುಂದೆ ಆಡಿಸಿದರೆ ಆ ಕೂಗು ಏರುತ್ತಿತ್ತು, ಇಳಿಯುತ್ತಿತ್ತು. ಮೈಕು ಕುಂಯ್ ಎಂದರೆ ಲೋಕವೆಲ್ಲ ಕಿವಿ ಮುಚ್ಚಿಕೊಳ್ಳುತ್ತದೆ, ನಮ್ಮಣ್ಣ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅದಕ್ಕೆ ಕೆರೆಯ ಕಪ್ಪೆ, ನೀರುಕೋಳಿ, ಜೊಂಡಿನ ಸದ್ದು ಬೆರೆಸುತ್ತಿದ್ದ. ಮನುಷ್ಯನ ದನಿ ಮಾತ್ರ ಬೆರೆಯಕೂಡದು. ‘ಮನಷ್ಯಾ ಬಂದ್ರ ಎಲ್ಲಾ ಹೊಲಸಾಗ್ತದ’ ಎನ್ನುತ್ತಿದ್ದ. ನಾನು ಮನುಷ್ಯಳಲ್ಲವೇ, ಮೂರು ಹೊತ್ತು ಬೇಯಿಸಿ ಹಾಕುವವಳು, ಎಂದು ನಾನು ರೇಗಿಸುತ್ತಿದ್ದೆ.

ಆ ವರ್ಷ ಆಷಾಢದ ಮೋಡದ ದಿನಗಳಲ್ಲಿ, ನಮ್ಮ ಮನೆಗೆ ಮೊಸರು ಹಾಕುವ ಫಕೀರವ್ವನ ಮಗಳು ಮಾಳವ್ವ ಕೆರೆಯಲ್ಲಿ ಮುಳುಗಿ ಸತ್ತಳು. ಇನ್ನೂ ಲಗ್ನವಾಗದ ಹುಡುಗಿ. ಮೊಸರಿನ ಗಡಿಗೆ ತೊಳೆಯಲು ಹೋದವಳು ಹೆಣವಾಗಿ ಬಂದಳು. ಹಾರಿಕೊಂಡಳು ಎಂದು ಊರು ಪಿಸುಗುಟ್ಟಿತು. ಊರಿನ ಬಾಯಿಗೇನು, ಬೀಗವಿಲ್ಲ.

ಕೆಲವು ದಿನಗಳಾದ ಮೇಲೆ ಫಕೀರವ್ವ ಬಂದಳು. ತಲೆಯ ಮೇಲೆ ಗಡಿಗೆ ಇರಲಿಲ್ಲ. ನಡುಕೋಣೆಯ ನೆಲದ ಮೇಲೆ ಕೂತು ಅಣ್ಣನನ್ನು ನೋಡಿದಳು.

“ಅಣ್ಣಾರ, ಅವತ್ತ ಮುಂಜಾನಿ ನೀವು ಮಷೀನ್ ತಗೊಂಡು ಕೆರೀ ಕಡೆ ಹೋಗಿದ್ರಂತ. ಹೌದೇನ್ರಿ?”

“ಹೋಗಿದ್ದೆ. ಆಚೀ ದಂಡೀಗೆ, ದೂರ.”

“ಅದರಾಗ ನನ್ನ ಮಗಳ ದನಿ ಏನರ ಬಂದೈತೇನ್ರಿ?”

“ಇಲ್ಲ. ಅದರಾಗ ಮನಷ್ಯಾರ ದನಿ ಇಲ್ಲ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಅವತ್ತ ಮೊಸರಿನ ಗಡಿಗಿ ಉರುಳಿಸಿದ್ಲು. ಸಿಟ್ಟಿನ್ಯಾಗ ಅಂದ್ಬಿಟ್ಟೆನ್ರಿ, ಕೆರೀನೋ ಬಾವೀನೋ ನೋಡ್ಕೋ ಹೋಗು ಅಂತ. ಮಕ್ಕಳಿಗೆ ಅನ್ನೂ ಮಾತು ಅದು, ಯಾರ್ ಅನ್ನಂಗಿಲ್ಲ? ಆಕೀ ಖರೇನ ನೋಡ್ಕೊಂಡ್ಲೇನ್ರಿ?”

ನಾನೇ ಅಣ್ಣನಿಗೆ ಟೇಪು ಹಚ್ಚೆಂದೆ. ಅವನು ಹಚ್ಚಿದ. ಕಪ್ಪೆಗಳು ಒಂದೇ ಸಮನೆ ವಟಗುಡುತ್ತಿದ್ದವು. ಎಲ್ಲಿಯೋ ನೀರುಕೋಳಿ ಕೂಗಿತು. ಆಮೇಲೆ ಕಪ್ಪೆಗಳೆಲ್ಲ ಒಮ್ಮೆಲೆ ಸುಮ್ಮನಾದವು. ಟಿಕ್ ಎಂದು ಒಂದು ಸಣ್ಣ ಸದ್ದು, ಮರುಕ್ಷಣವೇ ಮತ್ತೆ ಗಂಟಲು ಹರಿಯುವ ಹಾಗೆ ವಟಗುಟ್ಟುವಿಕೆ. ಆ ಟಿಕ್ ನನಗೆ ಚೆನ್ನಾಗಿ ಗೊತ್ತಿತ್ತು. ಕತ್ತರಿಸಿ ಅಂಟಿಸಿದ ಜಾಗದಲ್ಲಿ ಅದು ಬರುತ್ತಿತ್ತು. ಅಣ್ಣನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ.

ಫಕೀರವ್ವ ಟೇಪು ಮುಗಿಯುವ ತನಕ ಕೂತಿದ್ದು, ಕೈಮುಗಿದು ಹೋದಳು.

“ಏನು ಕೊಯ್ದಿ?” ಎಂದೆ.

ಅಣ್ಣ ಎದ್ದ. ಹಗ್ಗದ ಮೇಲೆ ಅಷ್ಟೊಂದು ತುಂಡುಗಳು ತೂಗುತ್ತಿದ್ದರೂ ಅವನು ಹುಡುಕಲಿಲ್ಲ. ಕೈ ನೇರವಾಗಿ ಮಾರುದ್ದದ ಒಂದಕ್ಕೆ ಹೋಯಿತು. ಅದನ್ನು ಸುತ್ತಿ ಮಷೀನಿಗೆ ಹಚ್ಚಿದ. ಮೊದಲು ಒಂದು ನಗು ಕೇಳಿಸಿತು. “ಅಯ್ಯ, ನನ್ನ ಗಡಿಗಿ! ತೇಲ್ಕೋತ ಎಲ್ಲಿಗ್ ಹೊಂಟಿಯೇ?” ನೀರಿನಲ್ಲಿ ಕಾಲಿಟ್ಟು ನಡೆಯುವ ಸದ್ದು, ಮತ್ತೆ ನಗು. ಆಮೇಲೆ ದೊಡ್ಡದಾಗಿ ನೀರು ಕದಡಿತು. “ಯವ್ವಾ!” ಎಂದು ಒಂದು ಕೂಗು. ಇನ್ನೊಮ್ಮೆ “ಯವ್ವಾ!” ಅಲ್ಲಿಗೆ ತುಂಡು ಮುಗಿಯಿತು.

“ಮೈಕು ನೀರಿನ ಹತ್ರ ಇಟ್ಟು, ಉದ್ದನ್ನ ವಾಯರ್ ಎಳದು, ನಾ ಕೆರೀ ಏರಿ ಹಿಂದ ಕೂತಿದ್ದೆ,” ಎಂದ ಅಣ್ಣ. “ಹುಡುಗ್ಯಾರು ಆಟಾ ಆಡ್ಲಿಕತ್ತಾರ ಅನ್ಕೊಂಡೆ. ರೆಕಾರ್ಡಿಂಗ್ ಕೆಟ್ಟಿತಂತ ಸಿಟ್ಟು ಬಂತು. ಹೆಡ್‌ಫೋನ್ ತಗದು ಬದೀಗಿಟ್ಟೆ.”

“ಎದ್ದು ನೋಡಲಿಲ್ಲ?”

ಅವನು ಮೈಕನ್ನು ಸ್ಪೀಕರಿನ ಬಾಯಿಗೆ ಹಿಡಿದ. ಕೋಣೆಯೆಲ್ಲ ಕೂಗಿತು, ಹಗ್ಗದ ಮೇಲಿನ ತುಂಡುಗಳು ನಡುಗಿದವು. ಕಪಾಟಿನ ಪಾತ್ರೆಗಳೂ ದನಿಗೂಡಿಸಿದವು. ನಾನು ಪ್ಲಗ್ಗು ಕಿತ್ತೆ. ಒಡಹುಟ್ಟಿದವನ ಮೇಲೆ ನನಗೆ ಹೇಸಿಗೆ ಹುಟ್ಟಿತ್ತು, ಮರುಕವೂ ಇತ್ತು; ಯಾವುದು ಹೆಚ್ಚೆಂದು ಇವತ್ತಿಗೂ ಹೇಳಲಾರೆ.

“ಆಕೀಗೆ ಕೇಳಿಸು,” ಎಂದೆ.

“ಕೇಳಿಸಿದ್ರ, ನಾ ಅಲ್ಲೇ ಇದ್ದು ಸುಮ್ಮನ ಕೂತಿದ್ದೆ ಅಂತ ತಿಳೀತದ.”

“ಕೇಳಿಸದಿದ್ರ, ಮಗಳನ್ನ ನಾನೇ ಕೊಂದೆ ಅಂತ ಆಕೀ ಸಾಯೂತನಕ ಅನ್ಕೋತಾಳ. ಯಾವುದು ಬೇಕು, ನೀನೇ ಹೇಳು.”

ಅವನು ಅಂದು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ತಾನೇ ಹೋಗಿ ಫಕೀರವ್ವನನ್ನು ಕರೆತಂದ. ಅವಳು ಕೂರುವ ಮುನ್ನವೇ ಹೇಳಿಬಿಟ್ಟ: “ನಿನ್ನೆ ಸುಳ್ಳು ಹೇಳಿದೆ. ಆಕೀ ಕೂಗಿದ್ದು ನನಗ ಕೇಳಿಸಿತ್ತು, ಫಕೀರವ್ವಾ. ಆಟ ಅನ್ಕೊಂಡು ಎದ್ದು ಹೋಗಲಿಲ್ಲ.”

ಶಾಪ ಹಾಕುತ್ತಾಳೆಂದು ನಾನು ಕಾದೆ. ಹಾಕಿದ್ದರೆ ಅಣ್ಣನಿಗೂ ಹಗುರಾಗುತ್ತಿತ್ತೇನೋ. ಅವಳು ಅವನನ್ನು ನೋಡಿ, “ಹಚ್ಚರಿ” ಎಂದಷ್ಟೇ ಹೇಳಿ ನೆಲಕ್ಕೆ ಕುಸಿದು ಕೂತಳು.

ಅಣ್ಣ ಹಚ್ಚಿದ. ನಗು ಕೇಳಿದ ಕೂಡಲೇ ಫಕೀರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. “ನಗಾಕತ್ತಾಳ… ನೋಡ್ರೀ ಅಕ್ಕಾರ, ನಗಾಕತ್ತಾಳ. ಸಿಟ್ಟಿಲ್ಲ ಆಕೀಗೆ.” ಅವಳ ಮುಖದಲ್ಲಿ ನಗುವಿನಂಥದ್ದೇ ಏನೋ ಮೂಡಿತು. ಅಷ್ಟರಲ್ಲಿ ನೀರು ಕದಡಿತು.

“ಯವ್ವಾ!”

“ಓ, ಬಂದ್ನಿ ತಾಯಿ!” ಎಂದು ಫಕೀರವ್ವ ಓಗೊಟ್ಟು ದಡಬಡಿಸಿ ಎದ್ದಳು.

ತುಂಡು ಮುಗಿದು ಅದರ ತುದಿ ತಿರುಗುವ ಚಕ್ರದಲ್ಲಿ ಪಟಪಟ ಬಡಿಯತೊಡಗಿತು. ಅಣ್ಣನ ಕೈ ಗುಂಡಿಯತ್ತ ಚಾಚಿ ಅಲ್ಲಿಯೇ ನಿಂತಿತ್ತು. ಫಕೀರವ್ವ ಸೀರೆಯ ನೆರಿಗೆ ಎತ್ತಿಕೊಂಡು, ಅವಸರವಾಗಿ ಬಾಗಿಲು ದಾಟಿ, ಅಂಗಳದ ನಡುವೆ ಬಂದು, ಯಾವ ಕಡೆಗೆ ಓಡಬೇಕೆಂದು ತಿಳಿಯದೆ ನಿಂತಳು.