ಉಸಿರಾಡುವ ವಾಲ್ವು

ಮುರಗೋಡದ ದಾರಿಯಲ್ಲಿ ಕಾಡಪ್ಪನ ಪಂಕ್ಚರ್ ಅಂಗಡಿ ಇದೆ. ಸಂಜೆಯಾದರೆ ಆ ಅಂಗಡಿಯೊಳಗೆ ಯಾರೋ ಉಸಿರಾಡುತ್ತಿದ್ದರು.

ಅದನ್ನು ಮೊದಲು ಕೇಳಿದವಳು ಅವನ ಹೆಂಡತಿ ಸಾವಂತ್ರೆವ್ವ. ಗಂಡ ಕೆಲಸ ಮುಗಿಸಿ ಕೈತೊಳೆಯಲು ಹೋಗಿದ್ದ. ಕಂಪ್ರೆಸರ್ ಬಂದ್ ಆಗಿತ್ತು. ಆದರೂ ಒಳಗೆ ಸುಯ್ಯ್ ಎಂದು ಉದ್ದನೆಯ ಉಸಿರು. ಬರಬರುತ್ತ ಸಣ್ಣದಾಗಿ, ಕೊನೆಗೆ ನಿಂತೇ ಹೋಯಿತು. ಅವಳ ಮಾವ ಯಮನಪ್ಪ ಹೋದ ವರ್ಷ ದಮ್ಮಿನಿಂದ ತೀರಿಕೊಂಡದ್ದು ಅದೇ ಅಂಗಡಿಯ ಹೊರಸಿನ ಮೇಲೆ. ಅವನ ಕೊನೆಯ ಉಸಿರೂ ಹೀಗೇ ಸಣ್ಣಗಾಗುತ್ತ ನಿಂತಿತ್ತು. ಈಗ ಕಂಪ್ರೆಸರಿನ ಗಾಳಿಟಾಕಿಯ ಎದುರಿನ ಗೋಡೆಯ ಮೇಲೆ ಮುದುಕನ ಫೋಟೋ ಇತ್ತು. ಅದರ ಮುಂದೆ ದೀಪ ಹಚ್ಚಿದರೆ, ಬಾಗಿಲು ಮುಚ್ಚಿದ್ದರೂ ಜ್ಯೋತಿ ಫೋಟೋದ ಕಡೆಗೆ ವಾಲುತ್ತಿತ್ತು.

ಮಾವ ಮಗನನ್ನು ಕರೆದೊಯ್ಯಲು ಬಂದಿದ್ದಾನೆ ಎಂದು ಅವಳು ಹೆದರಿದಳು. ಅಮಾವಾಸ್ಯೆಗೆ ಎಡೆ ಇಟ್ಟಳು. ಸಿರಸಂಗಿಗೆ ಹೋಗಿ ಕಾಳಿಕಾದೇವಿಯ ದಾರ ತಂದಳು. ಸಪ್ಪಳ ಗಾಳಿಟಾಕಿಯ ವಾಲ್ವಿನಿಂದ ಬರುವಂತೆ ಕಂಡಿದ್ದಕ್ಕೆ ಆ ದಾರವನ್ನು ಅದರ ಕುತ್ತಿಗೆಗೇ ಬಿಗಿದು, ಯಾರೂ ಬಿಚ್ಚಬಾರದೆಂದು ಗಂಡನಿಂದ ಆಣೆ ಹಾಕಿಸಿಕೊಂಡಳು.

ಆ ವಾಲ್ವು ಕಾಡಪ್ಪನೇ ಮಾಡಿದ್ದು. ಕಬ್ಬಿನ ಟ್ರ್ಯಾಕ್ಟರುಗಳ ಫಿಲ್ಟರಿಗೆ ಕೂತ ಧೂಳು ಊದಲು ಬೇಕಾಗಿತ್ತು. ಹೊಸದನ್ನು ಕೊಂಡು ತರುವುದು ಯಾಕೆ ಎಂದು ಹಳೆಯ ನೀರಿನ ನಲ್ಲಿಯ ಹಿತ್ತಾಳೆ ತುಂಡನ್ನು, ಟಾಕಿಗೆ ಜೋಡಿಸಿದ್ದ ಟ್ರೇಲರಿನ ಬ್ರೇಕ್ ಪೈಪಿನ ಬಾಯಿಗೆ ತಿರುವಿದ್ದ. ಎರಡರ ತಿರುಪಿನ ಗೆರೆಗಳ, ಅಂದರೆ ಥ್ರೆಡ್ಡಿನ, ಅಳತೆ ಬೇರೆ. ಸ್ವಲ್ಪ ಒಳಗೆ ಹೋಗಿ ಸಿಕ್ಕಿಕೊಂಡಿತು. ಪಾನಾ ಹಾಕಿ ಒತ್ತಾಯದಿಂದ ಬಿಗಿದ. ಉಳಿದ ಸಂದಿಗೆ ಬಿಳಿ ಟೇಪು ಸುತ್ತಿದ. ಅದೂ ಸಾಲದೆ ನೂಲನ್ನು ಬಣ್ಣದಲ್ಲಿ ಅದ್ದಿ ಸುತ್ತಿದ. ಬಂದವರಿಗೆಲ್ಲ ತೋರಿಸಿ ಮೀಸೆ ತಿರುವುತ್ತಿದ್ದ.

ಮುಂದಿನ ಅಮಾವಾಸ್ಯೆಗೆ ಸಾವಂತ್ರೆವ್ವನ ತಂಗಿ ಮಹಾನಂದಾ ಊಟಕ್ಕೆ ಬಂದಳು. ಬೈಲಹೊಂಗಲದ ಒಂದು ಗ್ಯಾರೇಜಿನಲ್ಲಿ ಅವಳು ಟ್ರೇಲರಿನ ಗಾಳಿಬ್ರೇಕು ರಿಪೇರಿ ಮಾಡುತ್ತಾಳೆ. ಅಂಗಡಿಯಲ್ಲಿ ದೀಪ ಹಚ್ಚುತ್ತ ಅಕ್ಕ ಪಿಸುಮಾತಿನಲ್ಲಿ ಎಲ್ಲ ಹೇಳಿದಳು. ಮಹಾನಂದಾ ನಗಲಿಲ್ಲ. ಉಸಿರು ಯಾವಾಗ ಬರುತ್ತದೆ ಎಂದಷ್ಟೇ ಕೇಳಿದಳು. ಟಾಕಿ ತುಂಬಿದಾಗ ಜೋರು, ಖಾಲಿಯಾದಂತೆ ಸಣ್ಣ ಎಂದು ತಿಳಿಯಿತು.

"ಅಕ್ಕಾ, ಸತ್ತವರು ಟಾಕಿ ಮೀಟರ್ ನೋಡಿ ಉಸಿರಾಡಂಗಿಲ್ಲ."

ಅಷ್ಟರಲ್ಲಿ ಕಾಡಪ್ಪ ಪಾನಾ ಹಿಡಿದು ವಾಲ್ವಿನ ಮುಂದೆ ಬಗ್ಗಿದ್ದ. ಸಪ್ಪಳ ಬಂದಾಗಲೆಲ್ಲ ಹಾಗೇ ಒಂಚೂರು ಬಿಗಿಯುವುದು ಅವನ ರೂಢಿ. ಟಾಕಿ ತುಂಬಿತ್ತು. ಅವನ ಮುಖ ವಾಲ್ವಿನಿಂದ ಗೇಣು ದೂರ.

"ಗಾಳಿ ತುಂಬಿದಾಗ ಪಾನಾ ಹಚ್ಚಬ್ಯಾಡ್ರಿ ಮಾಮಾ. ಹೊರಗ ಬರ್ರಿ."

"ನಮ್ಮ ಅಂಗಡಿಗೆ ನೀ ಯಾವಾಗ ಇನ್ಸ್‌ಪೆಕ್ಟರ್ ಆದೆವ್ವಾ?"

"ಇವತ್ತ ಆಗೇನ್ರಿ. ಲಂಚಾ ಬ್ಯಾಡ, ಹೋಳಿಗಿ ಹಾಕ್ರಿ ಸಾಕು."

ಅವನು ನಕ್ಕು ಪಾನಾಕ್ಕೆ ಭಾರ ಹಾಕಿಯೇಬಿಟ್ಟ. ಉಸಿರು ನಿಂತಿತು. "ನೋಡಿದಿ? ಬಿಗಿ ಆತು."

ಅಂಗಡಿ ಒಮ್ಮೆಲೇ ಮೌನವಾಯಿತು. ದೀಪದ ಜ್ಯೋತಿ ನೆಟ್ಟಗೆ ನಿಂತಿತು. ಇಷ್ಟು ದಿನ ಉಸಿರಿಗೆ ಹೆದರಿದ್ದ ಸಾವಂತ್ರೆವ್ವನಿಗೆ ಈಗ ಆ ಮೌನ ತಡೆಯಲಾಗಲಿಲ್ಲ. ಮಾವನ ಉಸಿರು ನಿಂತ ಗಳಿಗೆಯೂ ಹೀಗೇ ಇತ್ತು. ಗಂಡನ ರಟ್ಟೆ ಹಿಡಿದು ಎಳೆದಳು.

"ನನ್ನ ಸಲುವಾಗಿ ಹೊರಗ ಬರ್ರಿ."

ಗೊಣಗುತ್ತಲೇ ಎದ್ದ. ಹೊಸ್ತಿಲು ದಾಟಿದ್ದರೋ ಇಲ್ಲವೋ, ಬೆನ್ನ ಹಿಂದೆ ಗುಂಡು ಹಾರಿದಂತೆ ಸದ್ದಾಯಿತು. ದೀಪ ಆರಿತು.

ಮಹಾನಂದಾ ಮೇನ್ ಸ್ವಿಚ್ ತೆಗೆದು, ಟಾಕಿಯ ಗಾಳಿಯೆಲ್ಲ ಹೋಗಿ ಮೀಟರಿನ ಮುಳ್ಳು ಸೊನ್ನೆಗೆ ಬರುವ ತನಕ ಯಾರನ್ನೂ ಒಳಗೆ ಬಿಡಲಿಲ್ಲ. ಆಮೇಲೆ ಬ್ಯಾಟರಿ ಹಾಕಿ ನೋಡಿದರು. ಹಿತ್ತಾಳೆ ತುಂಡು ಫೋಟೋದ ಗಾಜು ಒಡೆದು ಯಮನಪ್ಪನ ಎದೆಯಲ್ಲಿ ನಟ್ಟಿತ್ತು. ಮುಖಕ್ಕೆ ಏನೂ ಆಗಿರಲಿಲ್ಲ. ಮುದುಕ ಮಗನನ್ನೇ ನೋಡುತ್ತಿದ್ದ.

"ಮಾವ ತನ್ನ ಎದಿ ಮ್ಯಾಲ ತಗೊಂಡಾನ," ಎಂದಳು ಸಾವಂತ್ರೆವ್ವ.

"ತಗೊಂಡಾನಕ್ಕಾ. ದಿನಾ ತಗೊಳ್ಳಾಕ ಅವಂಗ ಆಗಂಗಿಲ್ಲ."

ಆ ತುಂಡಿಗೆ ಸುತ್ತಿಕೊಂಡಿದ್ದ ದೇವಿಯ ದಾರವನ್ನು ಕಾಡಪ್ಪನೇ ಕೈಮುಗಿದು ಬಿಚ್ಚಿದ. ಅದರ ಕೆಳಗೆ ನೂಲು, ನೂಲಿನ ಕೆಳಗೆ ಟೇಪು. ಟೇಪಿನ ಕೆಳಗೆ ಬರೀ ತುದಿಯ ಗೆರೆಗಳು ಸವೆದು ಹರಿದಿದ್ದವು, ಉಳಿದವು ಹೊಸದರಂತೆ ಹೊಳೆಯುತ್ತಿದ್ದವು. ತುಂಡೂ ಪೈಪೂ ಯಾವತ್ತೂ ಒಂದನ್ನೊಂದು ಸರಿಯಾಗಿ ಹಿಡಿದೇ ಇರಲಿಲ್ಲ.

"ಟೇಪ ಸೋರೂದನ್ನ ತಡೀತೈತಿ ಮಾಮಾ. ಹಿಡಿಯೂದು ಥ್ರೆಡ್ಡ."

ಕಾಡಪ್ಪ ತನ್ನ ಗಲ್ಲ ಮುಟ್ಟಿ ನೋಡಿಕೊಂಡ.

ಮರುದಿನ ಬೈಲಹೊಂಗಲದಿಂದ ಗಾಳಿಗೆಂದೇ ಮಾಡಿದ ವಾಲ್ವು, ಅದಕ್ಕೆ ಹೊಂದುವ ಅಳತೆಯ ಜೋಡು ತಂದರು. ಬರಿಗೈಯಲ್ಲೇ ಸಲೀಸಾಗಿ ಬಹಳಷ್ಟು ಒಳಗೆ ತಿರುಗಿತು. ಕೊನೆಗಷ್ಟೇ ಪಾನಾ ಬೇಕಾಯಿತು. ಸ್ವಲ್ಪ ಸ್ವಲ್ಪವೇ ಗಾಳಿ ತುಂಬಿ, ಪಕ್ಕದಲ್ಲಿ ನಿಂತು, ಬ್ರಷ್‌ನಿಂದ ಸಾಬೂನು ನೊರೆ ಹಚ್ಚಿದರು. ಒಂದು ಗುಳ್ಳೆಯೂ ಏಳಲಿಲ್ಲ.

ಸಂಜೆ ಗಾಜಿಲ್ಲದ ಫೋಟೋದ ಮುಂದೆ ಸಾವಂತ್ರೆವ್ವ ದೀಪ ಹಚ್ಚಿದಳು. ಜ್ಯೋತಿ ವಾಲಲಿಲ್ಲ. ಕಿವಿಗೊಟ್ಟು ನಿಂತಳು. ಪಕ್ಕದಲ್ಲಿ ನಿಂತ ಗಂಡನ ಉಸಿರು ಮಾತ್ರ ಕೇಳುತ್ತಿತ್ತು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಅಂಗಡಿಯಲ್ಲಿ, ಶೆಡ್ಡಿನಲ್ಲಿ ಗಾಳಿಟಾಕಿ ಇದ್ದರೆ ಇವತ್ತು ಸಂಜೆ ಅದರ ಹತ್ತಿರ ಸುಮ್ಮನೆ ನಿಂತು ಕೇಳಿ. ಸುಯ್ಯ್ ಎಂದರೆ ಅದನ್ನು ದಾರದಲ್ಲಿ ಕಟ್ಟಬೇಡಿ, ಟೇಪಿನಲ್ಲಿ ಮುಚ್ಚಬೇಡಿ, ಪಾನಾ ಹಾಕಿ ಬಾಯಿ ಮುಚ್ಚಿಸಬೇಡಿ. ಕರೆಂಟು ತೆಗೆಯಿರಿ, ಗಾಳಿ ಪೂರ್ತಿ ಬಿಡಿ, ಮುಳ್ಳು ಸೊನ್ನೆಗೆ ಬಂದ ಮೇಲೆ ಕೈ ಹಚ್ಚಿ. ಕೈಯಲ್ಲಿ ಸಲೀಸಾಗಿ ತಿರುಗದ ಥ್ರೆಡ್ಡು ಅದರ ಜೋಡಿಯಲ್ಲ, ಬದಲಿಸಿ. ಗೊತ್ತಾಗದಿದ್ದರೆ ಬಲ್ಲವರನ್ನು ಕರೆಯಿರಿ.

ಎಲ್ಲರ ಮನೆಯ ಮುದುಕನ ಫೋಟೋ ಸರಿಯಾದ ಜಾಗದಲ್ಲಿ ಇರುವುದಿಲ್ಲ.