ಎಡಗಾಲಿನ ಮೋಟಾರು

ವಿಜಯದಶಮಿಯ ಮರುದಿನ ಗುರುಸಿದ್ದಪ್ಪನಿಗೆ ತನ್ನ ಯಂತ್ರಮಾನವನ ಮುಖ ನೋಡಿದರೇ ವಾಕರಿಕೆ ಬರುತ್ತಿತ್ತು. ನಾಶಿಕದ ಪಕ್ಕದ ಓಝರಿನ ವಿಮಾನ ಕಾರ್ಖಾನೆಯ ಈ ಫಿಟ್ಟರು ಎರಡು ವರ್ಷದ ರಜೆಗಳನ್ನೆಲ್ಲ ಸುರಿದು ಎಣ್ಣೆ ಡಬ್ಬಿಯ ತಗಡಿನಿಂದ ಅದನ್ನು ಮಾಡಿದ್ದ. ಕಾಲಡಿಯ ಗಾಲಿಗೊಂದರಂತೆ ಲಾರಿ ವೈಪರಿನ ಎರಡು ಮೋಟಾರು, ವೈಜಾಪುರದ ಗುಜರಿಯ ಮಾಲು. ಸುಟ್ಟುಹೋಗಿದ್ದ ಎಡಗಡೆಯದಕ್ಕೆ ಗೆಳೆಯ ಲಿಂಗರಾಜು ಹೊಸ ತಂತಿ ಸುತ್ತಿಕೊಟ್ಟಿದ್ದ.

ನಿನ್ನೆ ನಾಶಿಕದಲ್ಲಿ, ರತ್ನಾಕರ ಶೆಟ್ಟರ ಹೋಟೆಲಿನಲ್ಲಿ ಕನ್ನಡದವರೆಲ್ಲ ಬನ್ನಿ ಹಂಚಲು ಸೇರಿದ್ದರು. ಚಹಾ ತರಬೇಕಿದ್ದ ಆ ತಗಡಿನ ಪ್ರಾಣಿ ಎಡಗಾಲು ಎಳೆಯುತ್ತ ಗಿರ್ರನೆ ಸುತ್ತಿ ಆರೂ ಕಪ್ಪನ್ನು ಶೆಟ್ಟರ ಪಂಚೆಯ ಮೇಲೆ ಚೆಲ್ಲಿತು.

"ಈ ಲಿಂಗರಾಜೂನ ಕೆಲಸ ನೋಡ್ರಿ! ಕೊಳಕ ತಂತಿ ಸುತ್ಯಾನ!" ಎಂದು ಗುರುಸಿದ್ದಪ್ಪ ಎಲ್ಲರೆದುರು ಕೂಗಿದ. ಲಿಂಗರಾಜು ಬನ್ನಿ ಕೊಡದೆ ಎದ್ದುಹೋದ. ಒಂಬತ್ತು ವರ್ಷದ ಗೆಳೆತನ ಅಲ್ಲಿಗೆ ನಿಂತಿತು.

ಈಗ ಬ್ಯಾಟರಿ ನೋಡಿದ, ಸರಿಯಿತ್ತು. ಮೋಟಾರುಗಳನ್ನು ಅದಲುಬದಲು ಮಾಡಿದ. ಈ ಸಲ ಬಲಗಾಲು ಕುಂಟಿತು. ರೋಗ ಆ ಮೋಟಾರಿನದೇ. ನಾಚಿಕೆಗೆಟ್ಟ ಖುಷಿಯೊಂದಿಗೆ ಮುಚ್ಚಳ ಬಿಚ್ಚಿದ.

ಸುತ್ತಿದ ತಂತಿ ಬಾಚಿ ಹೆಣೆದ ಜಡೆಯಂತಿತ್ತು. ಆದರೆ ಕರೆಂಟು ದಾಟಿಸುವ ಕಾರ್ಬನ್ ಬ್ರಶ್ಶು ತಾಮ್ರಕ್ಕೆ ತಾಗುವಲ್ಲಿ ಕೆಂಪು ರಾಡಿ. ಕುಂಕುಮ, ವಿಭೂತಿ, ಹುಳಿತ ತೆಂಗಿನ ನೀರು. ಥೂ, ಏನು ನಾತ! ಮೊನ್ನೆ ಖಂಡೇನವಮಿಯ ಆಯುಧಪೂಜೆಯಂದು ಬಲಗಡೆಯದು ಆಗಲೇ ತಗಡಿನೊಳಗೆ ಕೂತಿತ್ತು. ಎಡಗಡೆಯದನ್ನು ಬಾಯಿ ತೆರೆದೇ ಮಣೆಯ ಮೇಲಿಟ್ಟು, ಕಾಯಿ ಒಡೆದು, ಕೈಯಾರೆ ಪೂಜೆ ಮಾಡಿದವನು ತಾನೇ. ಕಾರ್ಖಾನೆಯಲ್ಲಿ ಧೂಳಿನ ಕಣ ಬಿದ್ದರೆ ಕಿರುಚುವ ಮಹಾಶಯ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

"ಒರಸಿ ಬಿಡ್ರಿ, ಯಾರಿಗೆ ಗೊತ್ತಾಗ್ತದ?" ಎಂದಳು ಹೆಂಡತಿ ತುಳಸಿ.

ಹೌದು, ಚೂರು ಪೆಟ್ರೋಲಿನಲ್ಲಿ ಎಲ್ಲ ಹೋಗುತ್ತಿತ್ತು. ಆ ಯೋಚನೆ ತನಗೂ ಬಂದದ್ದಕ್ಕೇ ಅವನಿಗೆ ತನ್ನ ಮೇಲೆ ಇನ್ನಷ್ಟು ಹೇಸಿಗೆಯಾಯಿತು. ರಾಡಿಯ ಮೋಟಾರನ್ನು ಹಾಗೇ ಎತ್ತಿಕೊಂಡು, ಬಾಡಿದ ಬನ್ನಿಯನ್ನು ಕಿಸೆಗೆ ಹಾಕಿ ಲಿಂಗರಾಜುವಿನ ಮನೆಗೆ ಹೋದ.

ಲಿಂಗರಾಜು ಬೆರಳಿಟ್ಟು ಮೂಸಿ ಮುಖ ಕಿವಿಚಿದ.

"ತಪ್ಪಾತೋ ಲಿಂಗರಾಜು." ಗುರುಸಿದ್ದಪ್ಪ ಬನ್ನಿ ಚಾಚಿದ.

ಲಿಂಗರಾಜು ಅದನ್ನು ಮುಟ್ಟಲಿಲ್ಲ. "ನನಗ್ಯಾಕ ಹೇಳ್ತಿ? ನನ್ನ ಕೆಲಸ ನನಗ ಗೊತ್ತದ. ಎಲ್ಲಿ ಅಂದಿದ್ದಿ, ಅಲ್ಲೇ ಹೇಳು. ಆಮ್ಯಾಲ ಬನ್ನಿ ತಗೋತೀನಿ."

ಶೆಟ್ಟರ ಹೋಟೆಲು ತುಂಬಿರುವ ಹೊತ್ತು ಅದು. ನಾಶಿಕದ ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರು. ಗುರುಸಿದ್ದಪ್ಪ ಮೋಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಒರೆಸಲಿಲ್ಲ.